ಕಿಂಡಿಯೊಳಗೆ ಹೋಗಲು ಸೈಕಲ್ ಹತ್ತಿದ ಒಳಗಿನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೈಲು ಹಳಿಗಳನ್ನು ದಾಟುವ ರಸ್ತೆ ಸೇತುವೆಯ ಬುಡದಲ್ಲಿ ನಲವತ್ತಾರರ ಹೆಂಗಸೊಬ್ಬರು ಒಂದು ಕಾಲು ನೆಲಕ್ಕೆ, ಇನ್ನೊಂದು ಕಾಲು ಪೆಡಲಿಗೆ ಊರಿ ನಿಂತಿದ್ದಾರೆ. ಹಾಲಿನ ವ್ಯಾನು ಮುಂದೆ ಹೋಗಲಿ ಎಂದು ಕಾಯುತ್ತಾರೆ. ಅದು ಹೋದದ್ದೇ ತಡ, ಸೀಟಿನಿಂದ ಎದ್ದು ನಿಂತು ತುಳಿಯತೊಡಗುತ್ತಾರೆ. ಸೇತುವೆಯ ನೆತ್ತಿ ಮುಟ್ಟುವ ಹೊತ್ತಿಗೆ ಮಾತು ಹಾಗಿರಲಿ, ಉಸಿರಾಡಲಿಕ್ಕೇ ಬಾಯಿ ಸಾಲದು. ಅಲ್ಲೇ ತಿರುಗಿ, ಬ್ರೇಕು ಹಿಡಿದು, ಮೆಲ್ಲಗೆ ಕೆಳಗಿಳಿಯುತ್ತಾರೆ. ಎದೆಬಡಿತ ಹತೋಟಿಗೆ ಬರುವ ತನಕ ಬುಡದಲ್ಲಿ ಅತ್ತಿಂದಿತ್ತ ಸುತ್ತಾಡುತ್ತಾರೆ. ಆಮೇಲೆ ಮತ್ತೆ ಏರು.

ಹೀಗೆ ಆರು ಸಲ. ಆರನೆಯದು ಮುಗಿದಾಗ ಸೇತುವೆಯ ಮೇಲಿನ ದೀಪಗಳು ಆರಿರುತ್ತವೆ. ಮುಖ ಕೆಂಪಗಾಗಿದೆ, ಕಾಲು ನಡುಗುತ್ತಿದೆ. ಆದರೂ ಕಣ್ಣು ಮಾತ್ರ ಇನ್ನೊಮ್ಮೆ ಏರಿನತ್ತಲೇ ಹೋಗುತ್ತದೆ.

"ಏಳನೇದೂ ಹತ್ತಬಹುದು. ಆದ್ರೆ ಹತ್ತಲ್ಲ," ಎಂದು ಬಾಟಲಿಯ ಮುಚ್ಚಳ ತಿರುವುತ್ತಾರೆ. "ಆರು ಹತ್ತೋದು ಸೊಂಟಕ್ಕೆ. ಏಳನೇದು ಹತ್ತಿದ್ರೆ ಅದು ಬರೀ ಹಟಕ್ಕೆ. ಹಟಕ್ಕೆ ಹತ್ತಿ ಒಂದು ಸಲ ಅನುಭವಿಸಿದ್ದೀನಿ. ಸಾಕು."

ಇವರು ಸೈಕಲ್ ಪಂದ್ಯಕ್ಕೆ ತಯಾರಾಗುತ್ತಿಲ್ಲ. ಕನ್ನಡಿಯ ಮುಂದೆ ನಿಂತು ಚಂದ ಕಾಣಬೇಕೆಂಬ ಹಂಬಲವೂ ಇಲ್ಲ. ಇವರ ಗುರಿ ಒಂದು ಕಿಂಡಿ. ಮೊಟ್ಟೆಯ ಆಕಾರದ, ಕಬ್ಬಿಣದ ಅಂಚಿನ, ಮನುಷ್ಯರು ನುಗ್ಗುವುದಕ್ಕೆಂದು ಮಾಡಿದ್ದೋ ನುಗ್ಗದಿರಲಿ ಎಂದು ಮಾಡಿದ್ದೋ ಎಂದು ಅನುಮಾನ ಬರುವಂಥ ಕಿಂಡಿ. ಅದು ಇರುವುದು ಒಂದು ದೊಡ್ಡ ಲಾಂಡ್ರಿಯ ಹಿಂಬದಿಯ ಬಾಯ್ಲರ್ ಮನೆಯಲ್ಲಿ. ಆ ಕಿಂಡಿಯೊಳಗೆ ತೂರಿ ಬಾಯ್ಲರಿನ ಹೊಟ್ಟೆ ತೊಳೆಯುವುದು ಇವರ ಕೆಲಸ. ಲಾಂಡ್ರಿಯಲ್ಲಿ ಎಲ್ಲರೂ ಇವರನ್ನು ಕರೆಯುವುದು "ಒಳಗಿನಕ್ಕ" ಎಂದೇ. ಹೆತ್ತವರಿಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತದೆ.

ಎರಡು ಆಸ್ಪತ್ರೆಗಳ ಮತ್ತು ಏಳೆಂಟು ಹೋಟೆಲುಗಳ ಬಟ್ಟೆ ಬಂದು ಬೀಳುವುದು ಈ ಲಾಂಡ್ರಿಗೆ. ದಿನಕ್ಕೆ ಹೆಚ್ಚುಕಡಿಮೆ ನಾಲ್ಕು ಸಾವಿರ ಹಾಸುಬಟ್ಟೆ, ಅದರ ಮೇಲೆ ಟವೆಲು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಅಂಗಿಗಳು. ತೊಳೆಯುವುದಕ್ಕೂ ಒಣಗಿಸುವುದಕ್ಕೂ ಇಸ್ತ್ರಿಗೂ ಹಬೆಯೇ ಬೇಕು. ಹಬೆ ಬರುವುದು ಬಾಯ್ಲರಿನಿಂದ. ಚಹಾ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ನೋಡದವರು ಯಾರು? ಹಗಲಿರುಳು ನೀರು ಕುದಿಯುವ ಬಾಯ್ಲರಿನ ಒಳಮೈಗೂ ಅಂಥದೇ ಪೊರೆ ಕಟ್ಟುತ್ತದೆ, ಕಲ್ಲಿನಷ್ಟು ಗಟ್ಟಿಯಾಗಿ. ಅದಕ್ಕೇ ವರ್ಷಕ್ಕೊಮ್ಮೆ ಬೆಂಕಿ ಆರಿಸಿ, ಎರಡು ದಿನ ತಣಿಯಲು ಬಿಟ್ಟು, ಒಳಬರುವ ಕೊಳವೆಗಳಿಗೆಲ್ಲ ಬೀಗ ಹಾಕಿ, ಗಾಳಿ ಊದಿ, ಕಿಂಡಿಯ ಮುಚ್ಚಳ ತೆಗೆಯುತ್ತಾರೆ. ಒಳಗಿನಕ್ಕ ಒಂದು ದೀಪ, ಒಂದು ಸುತ್ತಿಗೆ, ಒಂದು ತಂತಿ ಬ್ರಷ್ಷು ಹಿಡಿದು ಒಳಹೋಗುತ್ತಾರೆ. ಅವರು ಹೊರಬರುವ ತನಕ ಬಾಯ್ಲರ್ ಮೇಸ್ತ್ರಿ ಕಿಂಡಿ ಬಿಟ್ಟು ಕದಲುವಂತಿಲ್ಲ. ಆಗಾಗ "ಏನಮ್ಮಾ?" ಎಂದು ಕೂಗಬೇಕು. ಒಳಗಿಂದ "ಇದ್ದೀನಿ" ಎಂದು ಉತ್ತರ ಬರಬೇಕು.

ಉಳಿದ ದಿನಗಳಲ್ಲಿ ನೀರಿನ ಮಟ್ಟ ನೋಡುವುದು, ಬೂದಿ ಎಳೆಯುವುದು, ಸೋರುವ ಜಾಗಕ್ಕೆ ಪ್ಯಾಕಿಂಗ್ ಕೂರಿಸುವುದು ಹೀಗೆ ಅಲ್ಲೇ ಕೈತುಂಬ ಕೆಲಸ. ಈ ಕೆಲಸ ಅವರಿಗೆ ಬಂದದ್ದು ತಾಯಿಯಿಂದ. ಹಿಂದೆ ಒಳಗಿಳಿಯುತ್ತಿದ್ದ ಆಳು ಹೇಳದೆ ಕೇಳದೆ ಬಿಟ್ಟುಹೋದಾಗ, ಬಟ್ಟೆ ಮಡಿಸುತ್ತಿದ್ದ ಕಡ್ಡಿಯಂಥ ಹೆಂಗಸು "ನಾನು ಹೋಗ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ನಿಂತರಂತೆ. ತಾಯಿಯ ಮಂಡಿ ಸೋತ ಮೇಲೆ ಮಗಳು ಇಳಿದರು. ಅದಕ್ಕೀಗ ಇಪ್ಪತ್ತೆರಡು ವರ್ಷ.

"ಮೊದಲನೇ ಸಲ ಹೋದಾಗ ಎದೆ ಢವಢವ ಅಂತಿತ್ತು," ಎನ್ನುತ್ತಾರೆ. "ಎರಡನೇ ವರ್ಷಕ್ಕೆ ಇಷ್ಟ ಆಗೋಕೆ ಶುರು ಆಯ್ತು. ಹೊರಗೆ ನೂರು ಜನ ನೂರು ಮಾತು ಹೇಳ್ತಾರೆ. ಒಳಗೆ ಹೋದ್ರೆ ಯಾರೂ ಇಲ್ಲ. ಅಲ್ಲಿ ನಾನೇ ಯಜಮಾನಿ."

ಆ ಯಜಮಾನಿಕೆಗೆ ಕುತ್ತು ಬಂದದ್ದು ಕಳೆದ ವರ್ಷ. ಅದಕ್ಕೂ ಮೊದಲು ಅವರಿಗೊಂದು ಶಸ್ತ್ರಚಿಕಿತ್ಸೆ ಆಗಿತ್ತು, ಗರ್ಭಕೋಶ ತೆಗೆದಿದ್ದರು. ತಿಂಗಳುಗಟ್ಟಲೆ ವಿಶ್ರಾಂತಿ. ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವರು. ಹೆಂಡತಿಯ ಮೇಲೆ ಅವರಿಗೆ ಪ್ರೀತಿ ಉಕ್ಕಿದಾಗಲೆಲ್ಲ ಅದು ಬೆಣ್ಣೆ ಸವರಿದ ಬನ್ನಿನ ರೂಪದಲ್ಲೇ ಮನೆಗೆ ಬರುತ್ತದೆ. ಮಲಗಿದ್ದವರಿಗೆ ಬನ್ನು, ಎದ್ದು ಕೂತವರಿಗೆ ಬನ್ನು, ಓಡಾಡಲು ಶುರುಮಾಡಿದ್ದಕ್ಕೆ ಕೇಕು. ಮತ್ತೆ ಕೆಲಸಕ್ಕೆ ಹಾಜರಾದಾಗ ಹಳೆಯ ಸಮವಸ್ತ್ರದ ಗುಂಡಿ ಕಾಜಕ್ಕೆ ಎಟುಕಲಿಲ್ಲ. ಹೊಸದು ಹೊಲಿಸಿಕೊಂಡರು, ಅಷ್ಟೆ. ಬಟ್ಟೆಯನ್ನು ಹೊಸದಾಗಿ ಹೊಲಿಸಬಹುದು, ಕಿಂಡಿಯನ್ನಲ್ಲ ಎಂಬುದು ಬಾಯ್ಲರ್ ತೆಗೆಯುವ ದಿನದವರೆಗೂ ಹೊಳೆಯಲಿಲ್ಲ.

ಆ ದಿನ ಎರಡು ಕೈ ಹೋದವು, ತಲೆ ಹೋಯಿತು, ಭುಜ ಓರೆ ಮಾಡಿದಾಗ ಅದೂ ಹೋಯಿತು. ಸೊಂಟ ಮಾತ್ರ ಹೋಗಲಿಲ್ಲ. ಹಿಂದಕ್ಕೆ ಬರೋಣವೆಂದರೆ ಅಂಗಿ ಮುದುಡಿಕೊಂಡು ಹಿಂದಕ್ಕೂ ಬರಲಾಗಲಿಲ್ಲ. ಅರ್ಧ ಬಾಯ್ಲರಿನೊಳಗೆ, ಅರ್ಧ ಹೊರಗೆ. ಕೊನೆಗೆ ಸಾಬೂನು ನೀರು ಸುರಿದು ಎಳೆದರು. ಲಾಂಡ್ರಿಯಲ್ಲಿ ಸಾಬೂನಿಗೇನು ಬರವೇ? ನೋಡಲು ಬಂದವರಲ್ಲಿ ಕೆಲವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬೇರೆ ಕಡೆಯಿಂದ ಸಣಕಲು ಆಳೊಬ್ಬನನ್ನು ಹುಡುಕಿ ಕರೆತರಲು ಪೂರಾ ಒಂದು ದಿನ ಹಿಡಿಯಿತು. ಅಷ್ಟರಲ್ಲಿ ಆಸ್ಪತ್ರೆಯ ಕೊಳೆಬಟ್ಟೆ ಗೇಟಿನವರೆಗೂ ರಾಶಿ ಬಿದ್ದಿತ್ತು.

"ನಕ್ಕಿದ್ದಕ್ಕೆ ಬೇಜಾರಿಲ್ಲ. ನಾನೇ ನೋಡೋಳಾಗಿದ್ರೆ ನಾನೂ ನಗ್ತಿದ್ದೆ," ಎನ್ನುತ್ತಾರೆ ಒಳಗಿನಕ್ಕ. "ಆದ್ರೆ ಆಸ್ಪತ್ರೆಯೋರು ಫೋನ್ ಮೇಲೆ ಫೋನ್ ಮಾಡ್ತಿದ್ರಲ್ಲ, ಹಾಸೋಕೆ ಬಟ್ಟೆ ಇಲ್ಲ ಅಂತ, ಅದು ಚುಚ್ತು. ನನ್ನ ಮೈಯಿಂದ ಅಲ್ಲಿ ಯಾರೋ ಕಾಯಿಲೆಯೋರು ಬರೀ ಹಾಸಿಗೆ ಮೇಲೆ ಮಲಗ್ಬೇಕಾಯ್ತು."

ಮೇಸ್ತ್ರಿ ಹಳೆಯ ಮನುಷ್ಯ, ಒರಟಲ್ಲ. ಪಕ್ಕಕ್ಕೆ ಕರೆದು ಹೇಳಿದರು: "ನೋಡಮ್ಮಾ, ಮೇಲಿನೋರು ನಿನ್ನನ್ನ ಬಟ್ಟೆ ಮಡಿಸೋ ಕಡೆ ಹಾಕು ಅಂತಿದ್ದಾರೆ. ಮುಂದಿನ ವರ್ಷ ಬಾಯ್ಲರ್ ತೆಗೆಯೋ ತನಕ ನಾನು ಹೇಗೋ ತಡೀತೀನಿ. ಆವತ್ತು ನೀನು ಸಲೀಸಾಗಿ ಒಳಗೆ ಹೋದ್ರೆ ಕೆಲಸ ನಿಂದೇ. ಆಗ್ಲಿಲ್ಲ ಅಂದ್ರೆ ನನ್ನ ಕೈಲೂ ಏನಿಲ್ಲ."

ಒಳಗಿನಕ್ಕ ಅಲ್ಲೇ ನೆಲದ ಮೇಲೆ ಕೂತಿದ್ದರು. ಮೈಯೆಲ್ಲ ಸಾಬೂನು, ಕಣ್ಣಲ್ಲಿ ನೀರು. ಪಕ್ಕದಲ್ಲೇ ಕಿಂಡಿಯ ಮುಚ್ಚಳ ಬಿದ್ದಿತ್ತು. ಒಂದು ರಟ್ಟಿನ ಪೆಟ್ಟಿಗೆಯನ್ನು ಹರಿದು, ಅದರ ಮೇಲೆ ಮುಚ್ಚಳವಿಟ್ಟು, ಸೀಮೆಸುಣ್ಣದಿಂದ ಸುತ್ತಲೂ ಗೆರೆ ಎಳೆದುಕೊಂಡು ಮನೆಗೆ ಹೋದರು.

ಅವರ ಮೈದುನನಿಗೆ ಸೇತುವೆಯ ಕೆಳಗೆ ಸೈಕಲ್ ರಿಪೇರಿ ಅಂಗಡಿ. ಹರೆಯದಲ್ಲಿ ಸೈಕಲ್ ರೇಸಿಗೆ ಹೋಗುತ್ತಿದ್ದವನು. ಗೆದ್ದದ್ದು ಒಂದು ಸಲ, ಹೇಳಿಕೊಂಡದ್ದು ಸಾವಿರ ಸಲ. ಅವನು ಆ ರಟ್ಟಿನ ಅಳತೆಗೆ ಪ್ಲೈವುಡ್ ಹಲಗೆಯಲ್ಲಿ ತೂತು ಕೊರೆದುಕೊಟ್ಟ. ಹಲಗೆಯನ್ನು ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಬಿಗಿದು, ವಾರಕ್ಕೊಮ್ಮೆ ಅದರಲ್ಲಿ ತೂರುವ ಪರೀಕ್ಷೆ ಶುರುವಾಯಿತು. ಮನೆಯಲ್ಲಿ ತೂಕದ ಯಂತ್ರವೇ ಇಲ್ಲ. "ಕಿಂಡಿಗೆ ಕಿಲೋ ಗೊತ್ತಿಲ್ಲ, ಅಂಗುಲ ಮಾತ್ರ ಗೊತ್ತು," ಎಂಬುದು ಅವರ ವಾದ. ಮೊದಲ ವಾರ ಸೊಂಟ ಹಲಗೆಯ ಹತ್ತಿರಕ್ಕೂ ಸುಳಿಯಲಿಲ್ಲ.

ಸೈಕಲ್ಲು ಬಂದದ್ದು ಬೇರೆ ದಾರಿ ಇಲ್ಲದ್ದಕ್ಕೆ. ತಾಯಿಯಂತೆ ಇವರ ಮಂಡಿಯೂ ಗಟ್ಟಿಯಲ್ಲ, ಓಡಲಾಗದು. ಮೈದುನನ ಅಂಗಡಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಒಂದು ಸೈಕಲ್ ಸಿಕ್ಕಿತು. ಮೊದಲ ಮೂರು ತಿಂಗಳು ಅವರು ನಂಬಿದ್ದು ದೂರವನ್ನು. ದೂರ ಹೋದಷ್ಟೂ ಕರಗುತ್ತದೆ ಎಂಬ ಲೆಕ್ಕ. ಕೆಲಸಕ್ಕೆ ಮೊದಲು ನೀರು ಸರಬರಾಜಿನ ಟ್ಯಾಂಕಿನವರೆಗೆ, ಕ್ರಮೇಣ ಅದರಾಚೆಯ ಇಟ್ಟಿಗೆ ಗೂಡಿನವರೆಗೆ, ಆಮೇಲೆ ಇನ್ನೂ ಮುಂದಕ್ಕೆ. ತುಳಿದದ್ದು ಮಾತ್ರ ಸಂತೆಗೆ ಹೊರಟವರ ಹಾಗೆ, ನಿಧಾನವಾಗಿ, ಅಲ್ಲಲ್ಲಿ ಚಹಾಕ್ಕೆ ನಿಂತು. ವಾಪಸು ಬರುವಾಗ ದಾರಿ ತಾನಾಗಿ ಗಂಡನ ಬೇಕರಿಯ ಹಿಂಬಾಗಿಲಿಗೆ ತಿರುಗುತ್ತಿತ್ತು. ಆಗಷ್ಟೇ ಒಲೆಯಿಂದ ತೆಗೆದ ಬನ್ನು. ಇಷ್ಟು ದೂರ ತುಳಿದು ಬಂದಿದ್ದೇನೆ, ಒಂದು ತಿಂದರೆ ಏನು ಮಹಾ? ಒಂದು ಮೂರಾಗಲು ಎಷ್ಟು ಹೊತ್ತು ಬೇಕು?

"ದಣಿದು ಬಂದೋಳಿಗೆ ಬೇಡ ಅನ್ನೋಕೆ ಬಾಯಿ ಬರುತ್ತಾ?" ಎನ್ನುತ್ತಾರೆ ಗಂಡ, ಇಂದಿಗೂ ತಮ್ಮ ತಪ್ಪಿಲ್ಲವೆಂಬಂತೆ. "ನಾನು ಒಳ್ಳೇದಕ್ಕೇ ಕೊಟ್ಟೆ."

ಮೂರು ತಿಂಗಳ ಕೊನೆಗೆ ಕಾಲು ಗಟ್ಟಿಯಾಗಿತ್ತು, ನಿದ್ದೆ ಚೆನ್ನಾಗಿ ಬರುತ್ತಿತ್ತು. ಹಲಗೆಯ ಮುಂದೆ ಸೊಂಟ ಮಾತ್ರ ಇದ್ದಲ್ಲೇ ಇತ್ತು. ಒಳಗಿನಕ್ಕನಿಗೆ ತಲೆ ಕೆಟ್ಟಿತು. ಫೋನಿನಲ್ಲಿ ಯಾರೋ ಗಟ್ಟಿ ಮೈಯವನು "ದೂರ ಬಿಡಿ, ಜೋರು ಹಿಡಿಯಿರಿ" ಎಂದು ಕೂಗುವ ವಿಡಿಯೊ ಸಿಕ್ಕಿತು. ಮಾರನೆಯ ದಿನದಿಂದಲೇ ಸೇತುವೆ. ದಿನಾ ಸೇತುವೆ. ಆರಲ್ಲ, ಎಂಟಲ್ಲ, ಕಣ್ಣಿಗೆ ಕತ್ತಲೆ ಬರುವ ತನಕ. ಹೊಟ್ಟೆಗೂ ಸರಿಯಾಗಿ ಹಾಕದೆ, ಒಂದು ದಿನವೂ ಬಿಡುವು ಕೊಡದೆ. ಮೊದಲ ವಾರ ಅಂಗಿ ಸಡಿಲವಾದಂತೆ ಕಂಡು ಹುಮ್ಮಸ್ಸು ಏರಿತು. ಎರಡನೆಯ ವಾರ ಸಿಡುಕು ಶುರುವಾಯಿತು; ಗಂಡ ಬನ್ನು ತರುವುದಿರಲಿ, ಮಾತಾಡಿಸಲಿಕ್ಕೇ ಹೆದರಿದರು. ಮೂರನೆಯ ವಾರದ ಒಂದು ಬೆಳಿಗ್ಗೆ ಏರಿನ ನಡುವೆ ಬಲಗಾಲಿನ ಮಂಡಿ ಕಟಕ್ಕೆಂದಿತು. ಸೈಕಲ್ಲನ್ನು ತಳ್ಳಿಕೊಂಡು, ಕುಂಟುತ್ತಾ ಮೈದುನನ ಅಂಗಡಿಗೆ ಇಳಿದರು.

ಮೈದುನ ಮೊದಲು ನೋಡಿದ್ದು ಮಂಡಿಯನ್ನಲ್ಲ, ಸೀಟನ್ನು. "ಅತ್ತಿಗೆ, ಇಷ್ಟು ತಗ್ಗಿಗೆ ಸೀಟು ಇಟ್ಕೊಂಡು ಸೇತುವೆ ಹತ್ತಿದ್ರಾ? ಮಂಡಿ ಇಷ್ಟು ದಿನ ತಡೆದಿದ್ದೇ ಹೆಚ್ಚು," ಎಂದ. ಆಸ್ಪತ್ರೆಯಲ್ಲಿ ಮಂಡಿಗೆ ಪಟ್ಟಿ ಕಟ್ಟಿ, ಒಂದು ತಿಂಗಳು ಸೈಕಲ್ ಮುಟ್ಟಬೇಡಿ ಎಂದರು. ಆ ತಿಂಗಳು ಒಳಗಿನಕ್ಕ ಅತ್ತದ್ದನ್ನು ಗಂಡ ಮಾತ್ರ ಬಲ್ಲರು. ಬಾಯ್ಲರ್ ಮನೆಯಲ್ಲಿ ಸ್ಟೂಲಿನ ಮೇಲೆ ಕೂತು ನೀರಿನ ಮಟ್ಟ ನೋಡುತ್ತಾ, ಮಡಿಸುವ ಕೋಣೆಯಿಂದ ಕೇಳುವ ಸದ್ದಿಗೆ ಕಿವಿಗೊಡುತ್ತಾ ದಿನ ದೂಡಿದರು.

ತಿಂಗಳು ಮುಗಿದ ಮೇಲೆ ಮೈದುನ ಸೀಟು ಎತ್ತರಿಸಿಕೊಟ್ಟು, ತಾನೂ ಒಂದು ಸ್ಟೂಲು ಎಳೆದುಕೊಂಡು ಕೂತ. ರೇಸಿನ ಕಥೆಯನ್ನು ಪಕ್ಕಕ್ಕಿಟ್ಟು ಅವನು ಮಾತಾಡಿದ್ದು ಅಪರೂಪಕ್ಕೆ ಅಂದೇ.

"ದಿನಾ ಒಂದೇ ತರ ಮೆಲ್ಲಗೆ ತುಳಿದ್ರೆ ಮೈ ಅದಕ್ಕೆ ಒಗ್ಗಿಹೋಗುತ್ತೆ ಅತ್ತಿಗೆ. ದಿನಾ ಜೋರು ತುಳಿದ್ರೆ ಮೈ ಮುರಿದುಹೋಗುತ್ತೆ. ಎರಡೂ ಬೇಕು, ಒಂದೇ ದಿನ ಅಲ್ಲ. ವಾರದಲ್ಲಿ ಎರಡು ದಿನ ಜೋರು, ಅದೂ ಸ್ವಲ್ಪ ಹೊತ್ತು. ಒಂದು ದಿನ ದೂರ, ಚಹಾಕ್ಕೆ ನಿಲ್ಲದೆ. ಇನ್ನೆರಡು ದಿನ ಪಕ್ಕದೋರ ಹತ್ರ ಮಾತಾಡ್ಕೊಂಡು ಹೋಗೋಷ್ಟು ನಿಧಾನ. ಉಳಿದದ್ದು ರಜ."

"ರಜ ಹಾಕಿದ್ರೆ ಕರಗುತ್ತೇನೋ?" ಎಂದರು ಅತ್ತಿಗೆ, ನಂಬದ ದನಿಯಲ್ಲಿ.

"ಜೋರು ತುಳಿದ ದಿನ ಮೈಗೆ ಪೆಟ್ಟು ಬೀಳುತ್ತೆ. ಅದು ರಿಪೇರಿ ಆಗಿ ಗಟ್ಟಿ ಆಗೋದು ಮಾರನೇ ದಿನ, ನೀವು ಸುಮ್ನೆ ಇದ್ದಾಗ. ಮತ್ತೆ ಆ ಬನ್ನು. ದೂರದ ದಿನ ಹೊಟ್ಟೆ ತುಂಬ ಊಟ ಮಾಡಿ, ಬೇಡ ಅನ್ನಲ್ಲ. ತುಳಿದಿದ್ದಕ್ಕೆ ಬಹುಮಾನ ಅಂತ ಬನ್ನು ತಿನ್ನೋದನ್ನ ಮಾತ್ರ ಬಿಡಿ."

ಒಳಗಿನಕ್ಕನಿಗೆ ತಮ್ಮ ಬಾಯ್ಲರ್ ನೆನಪಾಯಿತು. ತಣ್ಣಗಿರುವ ಬಾಯ್ಲರಿಗೆ ಯಾರೂ ಒಮ್ಮೆಲೇ ದೊಡ್ಡ ಬೆಂಕಿ ಹಾಕುವುದಿಲ್ಲ. ಹಾಕಿದರೆ ಕೀಲುಕೀಲೂ ಸೋರುತ್ತದೆ. ಸಣ್ಣ ಬೆಂಕಿ, ಗಂಟೆಗಟ್ಟಲೆ ಕಾಯುವುದು, ಆಮೇಲೆ ಬೇಕಾದಷ್ಟೇ ಒತ್ತಡ. ಇಪ್ಪತ್ತೆರಡು ವರ್ಷದಿಂದ ಅವರು ಮಾಡುತ್ತ ಬಂದದ್ದು ಅದನ್ನೇ. "ಕಬ್ಬಿಣಕ್ಕೆ ಮಾಡದ ತಪ್ಪನ್ನ ನನ್ನ ಮಂಡಿಗೆ ಮಾಡಿದ್ದೆ ನೋಡಿ," ಎಂದು ಈಗ ನಗುತ್ತಾರೆ. ಅಂದು ನಗು ಬಂದಿರಲಿಲ್ಲ.

ನಿಧಾನದ ದಿನಗಳಿಗೆ ಜೊತೆ ಬೇಕಿತ್ತು. ಮಾತಾಡಲು ಆಗುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಮಾತಾಡಿದಾಗಲೇ ತಾನೆ? ಗಂಡ ಬೇಕರಿಯ ಪಾಳಿ ಮುಗಿಸಿ, ಹಿಟ್ಟಿನ ಕೈಯಲ್ಲೇ ತಮ್ಮನ ಅಂಗಡಿಯಿಂದ ಇನ್ನೊಂದು ಸೈಕಲ್ ಎರವಲು ತಂದರು. ಒಬ್ಬರು ರಾತ್ರಿ ಪಾಳಿ, ಇನ್ನೊಬ್ಬರು ಹಗಲು ಪಾಳಿ. ಎಷ್ಟೋ ವರ್ಷಗಳಿಂದ ಈ ಮನೆಯಲ್ಲಿ ಮಾತೆಂದರೆ ಗ್ಯಾಸ್ ಮುಗಿದಿದೆ, ಬೀಗದ ಕೈ ಎಲ್ಲಿದೆ ಅಷ್ಟೆ. ಈಗ ವಾರಕ್ಕೆರಡು ಬೆಳಿಗ್ಗೆ ಗಂಡಹೆಂಡತಿ ಪಕ್ಕಪಕ್ಕದಲ್ಲಿ ತುಳಿಯುತ್ತಾ ಹರಟುತ್ತಾರೆ. ಏದುಸಿರು ಬಂದರೆ ಮೊದಲು ಸೋಲೊಪ್ಪುವವರು ಗಂಡ.

"ಸ್ವಲ್ಪ ನಿಧಾನ ಕಣೇ, ನನಗೆ ಮಾತು ಬರ್ತಿಲ್ಲ."

"ನೀವು ಸುಮ್ನಿರಿ, ನಾನು ಮಾತಾಡ್ತೀನಲ್ಲ."

ನಾಲ್ಕು ತಿಂಗಳು ಹೀಗೇ ನಡೆಯಿತು. ಕರಗುವುದು ಕಣ್ಣಿಗೆ ಕಾಣುವಷ್ಟು ವೇಗವಾಗೇನೂ ಇರಲಿಲ್ಲ. ಆದರೆ ಪ್ರತಿ ಭಾನುವಾರ ಸೊಂಟ ಹಲಗೆಯೊಳಗೆ ಕೂದಲೆಳೆಯಷ್ಟು ಹೆಚ್ಚು ಸರಿಯುತ್ತಿತ್ತು. ಕೊನೆಗೊಂದು ಭಾನುವಾರ ಕೈ, ತಲೆ, ಭುಜ, ಸೊಂಟ ಎಲ್ಲವೂ ದಾಟಿ ಒಳಗಿನಕ್ಕ ಅಡುಗೆಮನೆಯ ನೆಲದ ಮೇಲೆ ಬಂದು ಬಿದ್ದರು. ಮೈದುನನನ್ನೂ ಊಟಕ್ಕೆ ಕರೆದರು. ಬಾಯ್ಲರ್ ತೆಗೆಯಲು ಇನ್ನೂ ಎರಡು ತಿಂಗಳು ಬಾಕಿ. ಗೆದ್ದೆ ಎಂದುಕೊಂಡರು.

ಊಟವಾದ ಮೇಲೆ ಗಂಡನಿಗೆ ತಮಾಷೆ ಹತ್ತಿತು. "ನಾನೂ ಒಂದು ಕೈ ನೋಡ್ತೀನಿ," ಎಂದು ಹಲಗೆಯೊಳಗೆ ತಲೆ ತೂರಿದರು. ತಡವರಿಸಿದರು, ತಿಣುಕಿದರು, ಅಂಗಿಯ ಗುಂಡಿಯೊಂದು ಕಿತ್ತುಹೋಯಿತು. ಆದರೆ ದಾಟಿದರು. ಮೈದುನ ಚಪ್ಪಾಳೆ ತಟ್ಟಿದ. ಒಳಗಿನಕ್ಕ ನಗಲಿಲ್ಲ. ಅವರ ಮುಖ ಬಿಳುಚಿಕೊಂಡಿತ್ತು.

ಗಂಡನದೂ ಮೇಸ್ತ್ರಿಯದೂ ಒಂದೇ ಮೈಕಟ್ಟು. ಆ ಕಿಂಡಿಯಲ್ಲಿ ಮೇಸ್ತ್ರಿಯ ಭುಜ ದಾಟಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಅವರು ಒಮ್ಮೆಯೂ ಕಂಡಿಲ್ಲ. ಮೇಸ್ತ್ರಿ ದಾಟದ ಕಡೆ ಇವರು ದಾಟಿದ್ದು ಹೇಗೆ?

"ಮುಚ್ಚಳ," ಎಂದರು ಒಳಗಿನಕ್ಕ. "ಅಯ್ಯೋ, ನಾನು ಗೆರೆ ಎಳೆದಿದ್ದು ಮುಚ್ಚಳಕ್ಕೆ."

ಡಬ್ಬಿಯ ಮುಚ್ಚಳದಂತೆ ಬಾಯ್ಲರಿನ ಮುಚ್ಚಳ ಹೊರಗಿನಿಂದ ಕೂರುವುದಿಲ್ಲ. ಅದನ್ನು ಓರೆಯಾಗಿ ಒಳಗೆ ತೂರಿಸಿ, ಒಳಗಿನಿಂದ ಕಿಂಡಿಗೆ ಆನಿಸುತ್ತಾರೆ. ಒಳಗಿನ ಹಬೆಯ ಒತ್ತಡವೇ ಅದನ್ನು ಅದುಮಿ ಹಿಡಿಯುತ್ತದೆ. ಹಾಗಾಗಿ ಮುಚ್ಚಳ ಯಾವಾಗಲೂ ಕಿಂಡಿಗಿಂತ ದೊಡ್ಡದು. ಇದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಆ ಲಾಂಡ್ರಿಯಲ್ಲಿ ಮೇಸ್ತ್ರಿ ಬಿಟ್ಟರೆ ಇನ್ನೊಬ್ಬರಿಲ್ಲ. ಬೇರೆ ಯಾರಾದರೂ ಆಗಿದ್ದರೆ ಟೇಪು ಹಿಡಿದು ತೂತನ್ನೇ ಅಳೆಯುತ್ತಿದ್ದರು. ವರ್ಷವರ್ಷವೂ ಮುಚ್ಚಳದ ಜೊತೆ ಗುದ್ದಾಡಿದ ಕೈ, ಕಣ್ಣು ಮಂಜಾಗಿದ್ದ ಹೊತ್ತಿನಲ್ಲಿ, ಹತ್ತಿರ ಸಿಕ್ಕ ಮುಚ್ಚಳವನ್ನೇ ಕಿಂಡಿ ಎಂದು ನಂಬಿಬಿಟ್ಟಿತ್ತು.

ಸೋಮವಾರ ಬಾಯ್ಲರ್ ಮನೆಯ ಗುಜರಿಯಲ್ಲಿ ಹುಡುಕಿ, ಮುಚ್ಚಳಕ್ಕೂ ಕಿಂಡಿಗೂ ನಡುವೆ ಕೂರುವ ಹಳೆಯ ಪ್ಯಾಕಿಂಗ್ ಬಳೆಯೊಂದನ್ನು ತಂದರು. ಅದರ ಒಳಅಂಚೇ ನಿಜವಾದ ಕಿಂಡಿ. ಮೈದುನ ಹಲಗೆಯ ತೂತಿಗೆ ಒಳಗಿನಿಂದ ಪಟ್ಟಿ ಹೊಡೆದು ಅದರ ಅಳತೆಗೆ ತಂದ. ಒಳಗಿನಕ್ಕ ತೂರಿದರು. ಭುಜ ಹೋಯಿತು. ಸೊಂಟ ನಿಂತಿತು.

ಆ ರಾತ್ರಿ ಅನ್ನ ಸೇರಲಿಲ್ಲ. ಬೆಳಿಗ್ಗೆ ಎದ್ದವರೇ ನೇರ ಅಂಗಡಿಗೆ ಹೋಗಿ, "ಇನ್ನು ದಿನಾ ಸೇತುವೆ ಹತ್ತುತ್ತೀನಿ. ಎರಡೇ ತಿಂಗಳು ತಾನೆ. ಮಂಡಿ ಹೋದ್ರೆ ಆಮೇಲೆ ನೋಡ್ಕೊಂಡ್ರಾಯ್ತು," ಎಂದರು.

ಮೈದುನ ಸ್ಪ್ಯಾನರ್ ಕೆಳಗಿಟ್ಟ. "ಮಂಡಿ ಹೋದ್ರೆ ಕಿಂಡಿ ದಾಟಿ ಒಳಗೆ ಏನ್ ಮಾಡ್ತೀರಿ ಅತ್ತಿಗೆ? ಮಂಡಿ ಊರ್ಕೊಂಡೇ ಅಲ್ವಾ ಅಲ್ಲಿ ಕೆಲಸ ಮಾಡೋದು?"

ಒಳಗಿನಕ್ಕ ಮತ್ತೆ ಹಳೆಯ ಲೆಕ್ಕಕ್ಕೇ ಮರಳಿದರು. ಆ ಎರಡು ತಿಂಗಳು ಅವರು ಮಾಡಿದ್ದು, ನೋಡುವವರ ಕಣ್ಣಿಗೆ, ದೊಡ್ಡದೇನಲ್ಲ. ಜೋರಿನ ದಿನ ಎರಡೇ, ಆದರೆ ಏರು ನಾಲ್ಕಿದ್ದದ್ದು ಐದಾಯಿತು, ತಿಂಗಳು ಕಳೆದ ಮೇಲೆ ಆರಾಯಿತು. ದೂರದ ದಿನ ಇಟ್ಟಿಗೆ ಗೂಡು ದಾಟಿ ಹೆದ್ದಾರಿ ಕೂಡುವಲ್ಲಿಗೆ ಹೋಗಿಬಂದರು, ವಾರವಾರವೂ ಸ್ವಲ್ಪ ಸ್ವಲ್ಪವೇ ಮುಂದೆ. ಬೇಕರಿಯ ಹಿಂಬಾಗಿಲಿನ ಬೀದಿಯನ್ನೇ ಬಿಟ್ಟು ಸುತ್ತುಬಳಸಿ ಮನೆಗೆ ಬಂದರು. ಎಲ್ಲಕ್ಕಿಂತ ಕಷ್ಟವಾದದ್ದು ರಜದ ದಿನ. ಕಾಲು ತುಳಿಯಬೇಕೆನ್ನುತ್ತದೆ, ದಿನ ಸರಿಯುತ್ತಿದೆ, ಆದರೂ ಕೈಕಟ್ಟಿ ಕೂರಬೇಕು. "ತುಳಿಯೋಕೆ ಧೈರ್ಯ ಬೇಕಾಗಿಲ್ಲ. ತುಳಿಯದೆ ಕೂರೋಕೆ ಬೇಕು," ಎನ್ನುತ್ತಾರೆ. ಕೊನೆಯ ಭಾನುವಾರ ಸೊಂಟ ಹಲಗೆಯನ್ನು ಉಜ್ಜಿಕೊಂಡು ಅರ್ಧ ದಾಟಿತು. ಪೂರ್ತಿ ದಾಟಲಿಲ್ಲ. ಪಟ್ಟಿ ಮರದ್ದು, ಒರಟು. ಕಬ್ಬಿಣದ ಅಂಚು ನುಣುಪು ಎಂದು ಮೈದುನ ಸಮಾಧಾನ ಹೇಳಿದ. ನಂಬುವುದೋ ಬಿಡುವುದೋ ತಿಳಿಯದೆ ಅವರು ತಲೆಯಾಡಿಸಿದರು.

ಬಾಯ್ಲರ್ ತೆಗೆಯುವ ದಿನ ಬಂದಿದೆ. ಲಾಂಡ್ರಿಯ ಯಂತ್ರಗಳೆಲ್ಲ ನಿಂತು, ಕಟ್ಟಡದಲ್ಲಿ ಎಂದೂ ಇಲ್ಲದ ಮೌನ. ಕಿಂಡಿ ತೆರೆದುಕೊಂಡಿದೆ. ಕಳೆದ ವರ್ಷದ ಸಣಕಲು ಆಳು ಮೂಲೆಯಲ್ಲಿ ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡು ಕೂತಿದ್ದಾನೆ. ಮೇಲಿನವರು ಮುನ್ನೆಚ್ಚರಿಕೆಗೆಂದು ಕರೆಸಿದ್ದಾರೆ. ಮಡಿಸುವ ವಿಭಾಗದ ಹೆಂಗಸರು ಬಾಗಿಲಲ್ಲಿ ನೆರೆದಿದ್ದಾರೆ. ಯಾರೂ ನಗುತ್ತಿಲ್ಲ. ಮೇಸ್ತ್ರಿ ಒಂದು ಮಗ್ಗಿನಲ್ಲಿ ಸಾಬೂನು ನೀರು ಕಲಸಿ ಪಕ್ಕಕ್ಕಿಟ್ಟಿದ್ದಾರೆ. ಒಳಗಿನಕ್ಕ ಅದನ್ನು ನೋಡುತ್ತಾರೆ, ಕಾಲಿನಿಂದ ಮಗ್ಗನ್ನು ಆಚೆ ಸರಿಸುತ್ತಾರೆ.

ಎರಡು ಕೈ ಹೋಗುತ್ತವೆ. ತಲೆ. ಭುಜ ಓರೆಯಾಗುತ್ತದೆ. ಸೊಂಟ ಅಂಚಿಗೆ ತಾಗಿ ನಿಲ್ಲುತ್ತದೆ. ಅವರು ಜಗ್ಗುವುದಿಲ್ಲ, ಒದ್ದಾಡುವುದಿಲ್ಲ. ಉಸಿರನ್ನು ಪೂರ್ತಿ ಹೊರಬಿಟ್ಟು, ಒಂದು ಮಗ್ಗುಲಿಗೆ ಹೊರಳಿ, ಇನ್ನೊಂದು ಮಗ್ಗುಲಿಗೆ ಹೊರಳಿ, ಅಂಗುಲ ಅಂಗುಲವಾಗಿ ಸರಿಯುತ್ತಾರೆ. ಕೊನೆಗೆ ಹೊರಗೆ ಕಾಣುವುದು ಎರಡು ಪಾದ ಮಾತ್ರ. ಆಮೇಲೆ ಅದೂ ಇಲ್ಲ.

"ಏನಮ್ಮಾ?" ಮೇಸ್ತ್ರಿ ಕಿಂಡಿಗೆ ಬಾಗಿ ಕೂಗುತ್ತಾರೆ.

"ಇದ್ದೀನಿ."

ಬಾಗಿಲಲ್ಲಿದ್ದ ಒಬ್ಬಾಕೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾಳೆ. ಸಣಕಲು ಆಳು ಎದ್ದು ಬೀಡಿ ಹಚ್ಚಲು ಅಂಗಳಕ್ಕೆ ಹೋಗುತ್ತಾನೆ. ಒಳಗಿನಿಂದ ಸುತ್ತಿಗೆಯ ಸದ್ದು ಶುರುವಾಗುತ್ತದೆ, ಟಣ್, ಟಣ್ ಎಂದು ಒಂದೇ ಸಮನೆ. ಬಿಳಿ ಪೊರೆಯ ಚೂರುಗಳು ಬಕೆಟ್ಟಿನಲ್ಲಿ ತುಂಬಿ ಹೊರಬರುತ್ತವೆ. ಮೂರು ಸಲ ನೀರು ಕುಡಿಯಲು ಹೊರಬಂದು ಮೂರು ಸಲವೂ ಮತ್ತೆ ಒಳಹೋಗುತ್ತಾರೆ. ಸಂಜೆ ಕೊನೆಯದಾಗಿ ಅವರ ಎರಡು ಕೈ ಕಿಂಡಿಯ ಹೊರಗೆ ಕಂಡಾಗ ಮೇಸ್ತ್ರಿ ಹಿಡಿದೆಳೆಯಲು ಮುಂದಾಗುತ್ತಾರೆ.

"ಕೈ ಬೇಡ ಮೇಸ್ತ್ರಿ. ಜಾಗ ಬಿಡಿ," ಎನ್ನುತ್ತಾರೆ ಒಳಗಿನಕ್ಕ. ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ.

ಮೈತುಂಬ ಬಿಳಿ ಪುಡಿ, ಸೊಂಟದ ಎರಡೂ ಬದಿಗೆ ತರಚಿದ ಗಾಯ. ಗೋಡೆಗೊರಗಿ ಕೂತು, ಗಂಡ ಕಳಿಸಿದ ಊಟದ ಡಬ್ಬಿ ಬಿಚ್ಚುತ್ತಾರೆ. ಕೆಲಸ ಉಳಿಯಿತು ಎಂದು ಮೇಸ್ತ್ರಿ ಆಗಲೇ ಮೇಲಿನವರಿಗೆ ಹೇಳಿ ಬಂದಿದ್ದಾರೆ. ಇನ್ನೇನು ಆಸೆ ಎಂದು ಕೇಳಿದರೆ ಅನ್ನದ ಮೇಲೆ ಸಾರು ಸುರಿದುಕೊಳ್ಳುತ್ತಾರೆ. ಸೈಕಲ್ಲನ್ನು ಬಿಡುವುದಿಲ್ಲವಂತೆ. ನಾಳೆ ಹೇಗೂ ನಿಧಾನದ ದಿನ, ಗಂಡ ಕಾಯುತ್ತಿರುತ್ತಾರೆ.

"ದೊಡ್ಡ ಆಸೆ ಏನಿಲ್ಲ," ಎನ್ನುತ್ತಾರೆ, ಅನ್ನ ಕಲಸುತ್ತಾ. "ವಯಸ್ಸಾಗುತ್ತೆ, ಒಂದಲ್ಲ ಒಂದು ದಿನ ನನ್ನ ಕೈಲಿ ಆಗಲ್ಲ ಅನ್ನೋದು ಬಂದೇ ಬರುತ್ತೆ. ಆವತ್ತು ಅದನ್ನ ನಾನೇ ಮೊದಲು ಹೇಳ್ಬೇಕು. ಆ ಕಿಂಡಿ ಹೇಳಿ ನಾನು ಕೇಳೋ ಹಾಗೆ ಇನ್ನೊಂದು ಸಲ ಆಗ್ಬಾರ್ದು."